ಅಂಚಿನ ಮನೆಯಿಂದ ಶುರು

ಆಗ ನಾನು ಕಾರ್ಡಿಗೆ ತೂತು ಹೊಡೆಯುವ ಹುಡುಗಿ.
ಟೋರ್ಸ್‌ಹಾವ್ನ್ ಬಂದರಿನ ಹಿಂದೆ, ವಿದ್ಯುತ್ ಕಚೇರಿಯ ನೆಲಮಾಳಿಗೆಯಲ್ಲಿ,
ಮೀನಿನ ವಾಸನೆಗೂ ಯಂತ್ರದ ಬಿಸಿಗೂ ನಡುವೆ
ಒಂದು ಕುರ್ಚಿ, ಒಂದು ದೀಪ, ನನ್ನ ಹತ್ತು ಬೆರಳು.

ಹದಿನೆಂಟು ದ್ವೀಪ. ತಂತಿ ತಂತಿಯನ್ನು ಮುಟ್ಟುವ ಜಾಗ ಮುನ್ನೂರು.
ಉದ್ದಕ್ಕೆ ಮುನ್ನೂರು ಮನೆ, ಅಡ್ಡಕ್ಕೆ ಮುನ್ನೂರು ಮನೆ,
ತೊಂಬತ್ತು ಸಾವಿರ ಮನೆಯ ಹಾಸು.
ಫುಗ್ಲೋಯ್‌ಗೂ ಸೂದುರೋಯ್‌ಗೂ ಏನು ಸಂಬಂಧ? ಸೊನ್ನೆ.
ಗಾಸದಾಲುರ್‌ಗೂ ಕ್ಲಾಕ್ಸ್‌ವೀಕ್‌ಗೂ? ಸೊನ್ನೆ.
ಸೊನ್ನೆ ಸೊನ್ನೆ ಸೊನ್ನೆ
ಇಲ್ಲದ್ದನ್ನು ಒತ್ತಿ ಒತ್ತಿ
ನನ್ನ ಬಲಗೈ ಬೆರಳು ಜಡ್ಡುಗಟ್ಟಿತು.

ಕೋಪನ್‌ಹೇಗನ್‌ನಲ್ಲಿ ಓದಿ ಬಂದ ಸುನ್ವಾ
ನನ್ನ ಕಾರ್ಡಿನ ಕಟ್ಟೆತ್ತಿ ತೂಗಿ ನೋಡಿದಳು,
ಒದ್ದೆ ಉಣ್ಣೆಯ ಮೂಟೆ ತೂಗುವ ಹಾಗೆ.
"ಯಂತ್ರಕ್ಕಿರುವುದು ನಾಲ್ಕೇ ಸಾವಿರ ಗೂಡು.
ಹಾಸಿಗೆ ಇಷ್ಟೇ, ಕಾಲು ಮಡಿಸಬೇಕು.
ಸೊನ್ನೆ ಬರೆಯಬೇಡ. ಎಲ್ಲಿ ಏನಾದರೂ ಇದೆಯೋ
ಅದರ ಬೆಲೆ ಬರೆ, ಅದರ ಜಾಗ ಬರೆ,
ಸಾಲು ಎಲ್ಲಿ ಶುರು ಅಂತ ಬರೆ. ಅಷ್ಟೇ."

ಕಟ್ಟು ಅಂಗೈಗೆ ಇಳಿಯಿತು.
ಒಂಬೈನೂರ ಅರವತ್ತು ಬೆಲೆ. ಮಿಕ್ಕದ್ದೆಲ್ಲ
ಇಲ್ಲವೆಂದು ಮೂವರು ಒಪ್ಪಿಕೊಂಡದ್ದು:
ಅವಳು, ನಾನು, ಯಂತ್ರ.

ಆದರೂ ಮೊದಲ ರಾತ್ರಿ ಲೆಕ್ಕ ಉಸಿರುಕಟ್ಟಿ ನಿಂತಿತು.
ಒಂದೊಂದೇ ಜಾಗವನ್ನು ಬಿಡಿಸಿ ತೆಗೆಯುತ್ತ ಹೋಗುವ ಲೆಕ್ಕ ಅದು;
ಸುನ್ವಾ ದೊಡ್ಡೂರಿನಿಂದ ಶುರು ಮಾಡಿದ್ದಳು.
ಟೋರ್ಸ್‌ಹಾವ್ನ್ ತೆಗೆದದ್ದೇ ತಡ, ಅದನ್ನು ಮುಟ್ಟಿಕೊಂಡಿದ್ದವರೆಲ್ಲ
ಒಬ್ಬರನ್ನೊಬ್ಬರು ಮುಟ್ಟಿಕೊಂಡರು.
ಸೊನ್ನೆಯಿದ್ದಲ್ಲೆಲ್ಲ ಅಂಕಿಗಳು ಮೊಳೆತವು.
ಗೂಡು ತುಂಬಿ, ಯಂತ್ರ
ಕೆಂಪು ದೀಪ ಹೊತ್ತಿಸಿಕೊಂಡು ಸುಮ್ಮನಾಯಿತು.

ನನಗೆ ಗಣಿತ ಬರುವುದಿಲ್ಲ. ಮಾಲನ್ ಚಿಕ್ಕಮ್ಮ ಗೊತ್ತು.
ಹ್ವಾಲ್ಬಾದಲ್ಲಿ ಟೆಲಿಫೋನಿನ ಹಲಗೆ ಮುಂದೆ ಕೂತು
ನಲವತ್ತು ಮನೆಯ ಮಾತನ್ನು ಎರಡು ಕೈಯಲ್ಲಿ ಸಿಕ್ಕಿಸುತ್ತಿದ್ದಳು.
ಅವಳು ಸತ್ತ ವಾರ
ಯಾರ ದೋಣಿ ಬಂತು, ಯಾರ ಹಸು ಈಯಿತು,
ಎಲ್ಲರೂ ಎಲ್ಲರನ್ನೂ ಕೇಳಬೇಕಾಯಿತು.
ಒಂದು ಟಗರಿನ ಜಗಳಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ
ಹಾನುಸ್ ಕೂಡ ದಾವುರ್‌ನ ಬಾಗಿಲು ಬಡಿದ.
ಅದೇ ಚಳಿಗಾಲ ಓಣಿಯ ತುದಿಯ ಎಬ್ಬಾ ಮುದುಕಿಯೂ ಹೋದಳು.
ಪಕ್ಕದ ಮನೆಯವನು ಅವಳ ಗೇಟಿನ ಚಿಲಕ ಹಾಕಿದ.
ಬೇರೇನೂ ಬದಲಾಗಲಿಲ್ಲ.

ಕಾಫಿ ಕುಡಿಯುತ್ತ ಹೇಳಿದ್ದು ಇದು, ಸುಮ್ಮನೆ.
ಸುನ್ವಾ ಲೋಟ ಕೆಳಗಿಟ್ಟಳು.
ಲೋಟ ಬಹಳ ಹೊತ್ತು ಅಲ್ಲೇ ಇತ್ತು.

ನಕಾಶೆಯ ಮೇಲೆ ಹೊಸ ಕ್ರಮ ಬರೆದಳು:
ನಂಟು ಕಡಿಮೆ ಇರುವವರು ಮೊದಲು.
ಒಬ್ಬರನ್ನು ತೆಗೆದ ಮೇಲೆ ಮತ್ತೆ ಎಣಿಸು,
ಈಗ ಯಾರದು ಕಡಿಮೆ? ಅವರು.
ಗಾಸದಾಲುರ್, ಆಮೇಲೆ ಫುಗ್ಲೋಯ್, ಆಮೇಲೆ ಆ ಬರಿಯ ಬಂಡೆಯ ದೀಪಸ್ತಂಭ.
ಟೋರ್ಸ್‌ಹಾವ್ನ್ ಕಟ್ಟಕಡೆಗೆ.
ಹನ್ನೊಂದು ನಿಮಿಷ. ಕೆಂಪು ದೀಪ ಹೊತ್ತಲಿಲ್ಲ.

"ಪಾಪ, ತುದಿಯವರನ್ನೇ ಮೊದಲು ತೆಗೆಯುವುದಾ?" ಅಂದೆ.
ನನ್ನ ಅಮ್ಮ ಗಾಸದಾಲುರ್‌ನವಳು;
ಅಲ್ಲಿಗೆ ಆಗ ರಸ್ತೆಯಿರಲಿಲ್ಲ,
ಕಾಗದವೂ ಬೆಟ್ಟ ಹತ್ತಿ ಇಳಿದೇ ಹೋಗಬೇಕಿತ್ತು.

ಸುನ್ವಾ ಉತ್ತರಿಸಲಿಲ್ಲ. ಮುದ್ರಣಯಂತ್ರದ ಕಡೆ ತೋರಿಸಿದಳು.
ಹೋದ ದಾರಿಯಲ್ಲೇ ಹಿಂದಕ್ಕೆ ನಡೆದಿತ್ತು ಲೆಕ್ಕ:
ಮೊದಲ ಉತ್ತರ ದೊಡ್ಡೂರಿಗೆ,
ಅಲ್ಲಿಂದ ಒಂದೊಂದೇ ಸಾಲು, ಒಂದೊಂದೇ ಕೊಲ್ಲಿ ದಾಟಿ.
ಮೊದಲು ಎದ್ದು ಹೋದವರ ಮನೆಗೆ ಕೊನೆಗೆ ಬಂತು.
ಬಂತು.

ಕಾಗದದ ಕಟ್ಟಕಡೆಯ ಸಾಲು ಹರಿದಿಟ್ಟುಕೊಂಡೆ:
ಗಾಸದಾಲುರ್, ನೂರಕ್ಕೆ ತೊಂಬತ್ತನಾಲ್ಕು.
ಸ್ವಲ್ಪ ಮಂಕು.
ಹೆಣಿಗೆಯ ಕಣ್ಣು ಎಣಿಸಲು ಸಾಕು.