ಅರ್ಧ ಕೈ

ಆಯನೂರು ಸರ್ಕಾರಿ ಹೈಸ್ಕೂಲು, ಒಂಬತ್ತನೇ ಕ್ಲಾಸು.
ಜಬೀನಾ ಟೀಚರ್ ಸೀಮೆಸುಣ್ಣದ ಡಬ್ಬಿಯಲ್ಲಿ
ಲೋಕವನ್ನೇ ಚೀಟಿ ಮಾಡಿ, ಮಡಚಿ ತಂದಿದ್ದರು.
‘ಕೈ ಹಾಕಿ. ಯಾವುದು ಬರುತ್ತೋ ಅದೇ ನಿಮ್ಮ ದೇಶ.
ದಸರಾ ರಜೆಯವರೆಗೆ
ಅದರ ಹಸಿವೇ ನಿಮ್ಮ ಹಸಿವು.’

ವೀರಭದ್ರನಿಗೆ ಅಮೆರಿಕ ಬಂತು.
ಅವತ್ತಿಂದಲೇ ಅವನ ನಡಿಗೆ ಬದಲು,
ಬಿಸಿಯೂಟದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ.
ನನಗೆ ಬೊಲಿವಿಯಾ. ಸಮುದ್ರ ಕಳೆದುಕೊಂಡ ದೇಶ,
ಆದರೂ ನೌಕಾಪಡೆ ಇಟ್ಟುಕೊಂಡಿದೆಯಂತೆ.
ನಾಚಿಕೆಯಾಗಿ ಚೀಟಿಯನ್ನು
ಕಂಪಾಸ್ ಡಬ್ಬಿಯ ತಳಕ್ಕೆ ತಳ್ಳಿದೆ.

ಸುಗಂಧಿಗೆ ಟುವಾಲು.
ಟವೆಲ್ಲು, ಟವೆಲ್ಲು ಅಂತ ವಾರವಿಡೀ ನಕ್ಕೆವು.
ಗೋಡೆಯ ಭೂಪಟದಲ್ಲಿ ಅದು ಇರಲಿಲ್ಲ;
ಇರಬೇಕಾದ ಜಾಗದಲ್ಲಿ
ಪಟ ನೇತುಹಾಕಲು ಯಾರೋ ಮೊಳೆ ಹೊಡೆದಿದ್ದರು.

ಅವಳ ಅಜ್ಜಿ ಈರಮ್ಮ, ಶರಾವತಿಯಲ್ಲಿ ಮುಳುಗಿದ ಊರಿನವರು,
ಅಕ್ಕಿ ಆರಿಸುತ್ತ ಕೇಳಿದರಂತೆ:
ಎಷ್ಟು ಮನೆ?
ನೀರು ಒಂದೇ ಸಲ ಬರ್ತದಾ,
ದಿನಕ್ಕೊಂದು ಮೆಟ್ಟಿಲು ಹತ್ತತದಾ?
ಚೌಡಿ ಕಲ್ಲನ್ನ ಹೊತ್ತು ತರ್ತಾರಾ, ಅಲ್ಲೇ ಬಿಡ್ತಾರಾ?
ದನಕ್ಕೆ ಏನಂತ ಹೇಳ್ತಾರೆ?
ಸುಗಂಧಿ ಒಂದೂ ಬಿಡದೆ ಬರೆದುಕೊಂಡಳು.
ಟೀಚರ್ ಕೊಟ್ಟ ಹಾಳೆಯಲ್ಲಿ ಬರೀ ಸೆಂಟಿಮೀಟರುಗಳಿದ್ದವು.

ಸಭೆಯ ದಿನ ಬೆಂಚುಗಳನ್ನು ದುಂಡಗೆ ಎಳೆದೆವು,
ದುಂಡಗಾಗಲಿಲ್ಲ, ಮೊಟ್ಟೆಯಾಯಿತು.
ಅಮೆರಿಕ ಹತ್ತು ನಿಮಿಷ ಮಾತಾಡಿತು.
ಚೀನಾಕ್ಕೆ ಜ್ವರ, ರಜೆ.
ನಾರ್ವೆ ಬಾಯಿಪಾಠ ಮಾಡಿದ್ದನ್ನು ನಡುವೆ ಮರೆತು
ಅತ್ತುಬಿಟ್ಟಿತು.
ಆಮೇಲೆ ಟುವಾಲು ಎದ್ದು ನಿಂತಿತು,
ಎಡ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡ ಟುವಾಲು:
‘ಅಮೆರಿಕದ ಮನೆಯಲ್ಲಿ ದೀಪ ಉರಿಯೋಕೆ
ನನ್ನ ಮನೆ ಯಾಕೆ ಮುಳುಗಬೇಕು?
ಯಾವ ಊರಿನ ದೀಪಕ್ಕೆ ಅಂತ
ನಮ್ಮಜ್ಜಿಗೂ ಯಾರೂ ಹೇಳಲಿಲ್ಲ.’

ವೀರಭದ್ರ ತೊದಲಿದ: ‘ನಾನಲ್ಲ ಕಣೇ, ಚೀಟಿ.’

ಎಲ್ಲರೂ ನಕ್ಕೆವು.
ಎಲ್ಲಿ ನಿಲ್ಲಿಸಬೇಕೆಂದು ಆ ನಗುವಿಗೆ ಗೊತ್ತಾಗಲಿಲ್ಲ.
ಟೀಚರ್ ಮಾತ್ರ ತಲೆಯೆತ್ತಿ
ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಕೂತರು.

ಮತಕ್ಕೆ ಹಾಕಿದರು.
ನಾನು ಹಿಂದಿನ ದಿನವೇ ಎರಡು ಕಡಲೆಮಿಠಾಯಿಗೆ
ಬೊಲಿವಿಯಾವನ್ನು ಅಮೆರಿಕಕ್ಕೆ ಮಾರಿದ್ದೆ.
ಒಂದನ್ನು ತಿಂದಾಗಿತ್ತು,
ಇನ್ನೊಂದು ಜೇಬಿನಲ್ಲಿ ಅಂಟುತ್ತಿತ್ತು.
ಟುವಾಲು ಪರ ಯಾರು ಎಂದಾಗ ನನ್ನ ಕೈ ಎದ್ದಿತು;
ಕಿವಿಯ ಮಟ್ಟಕ್ಕೆ ಬಂದು, ವೀರಭದ್ರನ ಮುಖ ನೋಡಿ,
ಸುಮ್ಮನೆ ತಲೆ ಕೆರೆದುಕೊಂಡಿತು.
ಟೀಚರ್ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿದರು:
‘ಬೊಲಿವಿಯಾ, ಅರ್ಧ ಕೈ.’

ಈಗ ಮೆಸ್ಕಾಂನಲ್ಲಿ ಲೈನ್‌ಮ್ಯಾನ್ ನಾನು.
ಮೊನ್ನೆ ಆಷಾಢದ ಗಾಳಿಗೆ ತಂತಿ ಹರಿದು
ಈರಮ್ಮನ ಕಾಲನಿಯಲ್ಲಿ ಎರಡು ದಿನ ಕತ್ತಲೆ.
ಕಂಬ ಹತ್ತಿದ್ದೆ. ಕೆಳಗಿನಿಂದ ಕೂಗಿದರು:
‘ನೀನು ಸುಗಂಧಿ ಕ್ಲಾಸಿನ ಹುಡುಗ ಅಲ್ವನಾ?
ಆ ಟವೆಲ್ಲಿನ ಊರು ಏನಾತಾ?’

ಇನ್ನೂ ಇದೆ ಅಜ್ಜಿ, ಅಂದೆ.
ಜನ ಬೇರೆ ದೇಶಕ್ಕೆ ಹೋಗೋಕೆ ಅರ್ಜಿ ಹಾಕ್ತಿದ್ದಾರಂತೆ.

ಅರ್ಜಿ ಅಂದದ್ದೇ ಅವರ ಮುಖ ಬಿಗಿಯಿತು.
ಅರವತ್ತು ವರ್ಷದ ಅರ್ಜಿಗಳು
ಆ ಮನೆಯ ಟ್ರಂಕಿನಲ್ಲಿವೆ, ಇಡೀ ಕಾಲನಿಗೆ ಗೊತ್ತು.
‘ಅವರಿಗೆ ಹೇಳು ಮಾರಾಯ,
ಹಕ್ಕುಪತ್ರ ಕೈಗೆ ಬರೋ ತನಕ
ಲಾರಿ ಹತ್ತಬ್ಯಾಡಿ ಅಂತ.’

ಹೂಂ ಅಂದೆ.
ಯಾರಿಗೆ ಹೇಳೋದು, ಯಾವ ಭಾಷೆಯಲ್ಲಿ?
ಅಜ್ಜಿ ಮಾತ್ರ, ತಲುಪಿಸಿಯೇ ಆಯಿತು ಎನ್ನುವ ಹಾಗೆ,
ಬಲ್ಬು ಹತ್ತಿತಾ ನೋಡಲು
ಒಳಗೆ ಹೋದರು.