ನಕ್ಷೆಯ ಮೇಲೆ ಕೆಸರು

ಮೊಂಬಾಸಾದಿಂದ ಸುರುಳಿ ಸುತ್ತಿ ತಂದದ್ದನ್ನು
ಶಾಲೆಯ ನೆಲದ ಮೇಲೆ ಹಾಸಿದೆ,
ಕಡಲಗಾಳಿಗೆ ಹಾರದಂತೆ ಮೂಲೆಗೊಂದು ತೆಂಗಿನಕಾಯಿ.
ಹಸಿರು: ಕಾಂಡ್ಲಾ ಕಾಡು, ಕಾಪಾಡಬೇಕಾದ್ದು.
ಕೆಂಪು ಗೆರೆ: ಇಲ್ಲಿಂದಾಚೆ ಯಾರೂ ಕಾಲಿಡಬಾರದು.
ಹದಿನೆಂಟು ತಿಂಗಳ ಕೆಲಸ. ಉಪಗ್ರಹದ ಕಣ್ಣು, ನನ್ನ ಕೈ.

"ಯಾರೂ ಅಂದರೆ?" ಎಂದಳು ಮ್ವಾನಾತುಮು.
ಸಿಂಪಿ ಕಿತ್ತು ಕಿತ್ತು ಅವಳ ಉಗುರು ಸುಣ್ಣ.
ನಾನು ಕನ್ನಡಕ ಒರೆಸಿಕೊಂಡೆ.

ಅವಳು ಕಾಯಲಿಲ್ಲ. ನಕ್ಷೆಯ ಮೇಲೇ ನಡೆದಳು,
ಇಳಿತದ ಕೆಸರು ಹಿಮ್ಮಡಿಯಲ್ಲಿನ್ನೂ ಹಸಿ.
"ಈ ತೊರೆ ಇಲ್ಲಿ ತಿರುಗುತ್ತೆ. ನಿಂದು ನೆಟ್ಟಗೆ ಹೋಗಿದೆ,
ಪಾಪ, ದಾರಿ ತಪ್ಪಿದೆ.
ಮೀನುಮರಿ ಬೇರಿನ ಸಂದಿಯಲ್ಲಿ ಮೈತುಂಬಿಕೊಳ್ಳುವುದು ಇಲ್ಲಿ;
ಆ ಎರಡು ತಿಂಗಳು ನಾವೇ ಇಳಿಯುವುದಿಲ್ಲ,
ಕೆಂಪು ಬಳಿದು ಹೇಳಬೇಕಿತ್ತೆ?
ಹಸಿರು ಹಚ್ಚಿದ್ದೀಯಲ್ಲ, ಅದು ಸತ್ತು ಆರು ವರ್ಷ.
ಬೋಳೆಂದು ಬಿಟ್ಟಲ್ಲಿ ನಾವು ನೆಟ್ಟದ್ದು
ಮೊಣಕಾಲುದ್ದ ಬಂದಿದೆ."

ದೋಣಿಯ ಸೂದಿ ಪೆನ್ಸಿಲ್ ಕೇಳಿದ.
ಮಕ್ಕಳು ಬೋರಲು ಮಲಗಿ ಜಗಳಕ್ಕಿಳಿದರು,
ಸಿಹಿನೀರಿನ ಒರತೆ ಬಂಡೆಯ ಈಚೆಗೋ ಆಚೆಗೋ.
ಆ ಬಂಡೆಗೆ ಮೂರು ಹೆಸರು ಬಂತು, ಯಾರೂ ಸೋಲಲಿಲ್ಲ;
ಮೂರನ್ನೂ ಬರೆದೆ, ಅಕ್ಷರ ಚಿಕ್ಕದು ಮಾಡಿ.

ಕಚೇರಿಯಲ್ಲಿ ಕೇಳಿದರು: ಇದೇನು ಕಲೆ? ಹೊಸ ಪ್ರತಿ ತೆಗೆಸು.
ಅಳತೆಪಟ್ಟಿ ಇಟ್ಟು ನೋಡಿದೆ.
ಹಿಮ್ಮಡಿ ಬಿದ್ದದ್ದು ನನ್ನ ಕೆಂಪು ಗೆರೆಯಿಂದ
ನಾನೂರು ಮೀಟರು ಒಳಗೆ.

ಬಣ್ಣಗಳ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದೆ,
ಕಂದು:
ಎದುರಿಗೆ ಏನು ಬರೆಯಲಿ ಎಂದು
ನಾಳೆ ಬಸ್ಸಿನಲ್ಲಿ ಹೋಗಿ ಕೇಳಬೇಕು.