ಇಲಿ ಕಕ್ಕುವುದಿಲ್ಲ

ಇಲಿ ಕಕ್ಕುವುದಿಲ್ಲ. ಕಕ್ಕಲು ಬರುವುದೇ ಇಲ್ಲ ಅದಕ್ಕೆ.
ಹದಿನೇಳು ವರ್ಷ ಪಂಜರ ತೊಳೆದ ನನಗೂ
ಗೊತ್ತಿರಲಿಲ್ಲ. ಹೇಳಿದ್ದು ಮುಬೀನಾ,
ಜಗಳೂರು ಬಸ್ಸಿನಲ್ಲಿ ದಾವಣಗೆರೆಗೆ ಬಂದಿಳಿದು,
ಮೂಸಿ ಮೂಸಿ ಬಾಡಿದ ನಿಂಬೆಹಣ್ಣು ಮುಷ್ಟಿಯಲ್ಲೇ ಇತ್ತು.

ಕ್ಯಾನ್ಸರಿನ ಔಷಧ ಚುಚ್ಚಿದರೆ
ಹೊಟ್ಟೆ ತೊಳೆಸುತ್ತದೆ ಇಲಿಗೂ.
ಮೇಲೆ ಬರಲು ದಾರಿಯಿಲ್ಲ,
ಅದಕ್ಕೇ ಮಣ್ಣು ತಿನ್ನುತ್ತದೆ.
ಬಿಳಿ ಜೇಡಿ. ಗೋಂದು ಬೆರೆಸಿ ನಾನೇ ನಾದಿ, ಹೊಸೆದು,
ಬಳಪದ ಹಾಗೆ ಮುರಿದು ಒಣಗಿಸಿದ್ದು.
ಬೆಳಿಗ್ಗೆ ಉಳಿದದ್ದು ತೂಗುತ್ತೇನೆ,
ಹೊಟ್ಟಿನಲ್ಲಿ ಉದುರಿದ ಪುಡಿಗೂ ಜರಡಿ ಹಿಡಿದು.
ಎಷ್ಟು ಗ್ರಾಂ ಮಣ್ಣೋ ಅಷ್ಟು ಸಂಕಟ.
ಮುಬೀನಾ ಬರೆದುಕೊಳ್ಳುತ್ತಾಳೆ, ದಶಾಂಶ ಬಿಡದೆ.

ನಾನೂ ತಿಂದಿದ್ದೆ. ಗಿರಿಜೆ ಹೊಟ್ಟೆಯಲ್ಲಿದ್ದಾಗ
ಭಾವನ ಮಗನ ಪಾಟಿಚೀಲದಿಂದ ಕದ್ದು,
ಹಿತ್ತಲಲ್ಲಿ ನಿಂತು, ಕಟಂ ಅಂತ.
ಯಾರೂ ತೂಗಲಿಲ್ಲ.

ಪ್ರೊಫೆಸರರಿಗೆ ಮಣ್ಣಿನ ಲೆಕ್ಕ ಸಾಲಲಿಲ್ಲ.
ಕಕ್ಕುವ ಪ್ರಾಣಿಯೇ ಬೇಕಂತೆ.
ಮಂಡಕ್ಕಿ ಭಟ್ಟಿಯ ಗೌಸ್ ಪೀರ್
ಎಣ್ಣೆ ಡಬ್ಬದಲ್ಲಿ ತಂದ, ಐದು ಸುಂಡಿಲಿ.
ಮೂಗು ಮುಚ್ಚಿದರೂ ಬಿಡದ ನಾತ.
"ಆರನೇದೂ ಕಂಡಿತ್ತಕ್ಕ, ಬಿಟ್ಟೆ.
ತಾಯಿ ಬಾಲ ಒಂದು ಮರಿ ಕಚ್ಕಂಡು,
ಅದರ ಬಾಲ ಇನ್ನೊಂದು ಕಚ್ಕಂಡು,
ಚೀಲದ ಸಂದ್ಯಾಗೆ ರೈಲು ಹೊಂಟಿತ್ತು.
ರೈಲು ಹೆಂಗೆ ಹಿಡಿಯೋದು?"

ಅಲುಗುವ ಪೆಟ್ಟಿಗೆಯಲ್ಲಿಟ್ಟು ಗುಂಡಿ ಒತ್ತಿದಳು ಮುಬೀನಾ.
ಅತ್ತ, ಇತ್ತ, ಅತ್ತ, ಇತ್ತ,
ಜಗಳೂರು ರಸ್ತೆಯ ಒಂದು ಗೇಣು ಕತ್ತರಿಸಿ ಒಳಗೆ ಹಾಸಿದಂತೆ.
ಎರಡು ನಿಮಿಷ ಆಗಿರಲಿಲ್ಲ,
ಸುಂಡಿಲಿ ಕತ್ತು ಚಾಚಿತು, ಪಕ್ಕೆ ಒಳಗೆಳೆಯಿತು,
ಬಾಯಿ ತೆರೆಯಿತು. ಒಂದು. ಎರಡು. ಮೂರು.
ನಾಲ್ಕಕ್ಕೆ ಬಂತು, ಜಿರಲೆಯ ಅರ್ಧ ರೆಕ್ಕೆ.
"ಬಂತು!" ಎಂದಳು, ಪಂದ್ಯ ಗೆದ್ದವಳ ಹಾಗೆ.
ಆಮೇಲೆ ಪೆನ್ನು ನನ್ನ ಕೈಗೆ ತುರುಕಿ
ಸಿಂಕಿಗೆ ಓಡಿದಳು.
ನಾನು ಎಣಿಸುತ್ತಾ ನಿಂತೆ.
ಯಾರದನ್ನು ಎಣಿಸಿದೆನೋ.

ಮರುದಿನ ತೂಕ ಕೂಡಲಿಲ್ಲ.
ಇನ್ನೂ ಪಂಜರಕ್ಕೆ ಹಾಕದ, ಮುಚ್ಚಳ ಬಿಗಿದ ಡಬ್ಬಿಯಲ್ಲಿ
ಎರಡು ತುಂಡು ಕಡಿಮೆ.
ಮುಬೀನಾ ಕಿಟಕಿಯಾಚೆ ನೋಡುತ್ತಿದ್ದಳು,
ತುಟಿಯಂಚು ಬೆಳ್ಳಗೆ.
ರಿಜಿಸ್ಟರಿನಲ್ಲಿ ಬರೆದೆ:
ಜರಡಿಯಲ್ಲಿ ಸೋರಿದ್ದು, ಮೂರು ಗ್ರಾಂ ಚಿಲ್ಲರೆ.
ಇಷ್ಟು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು.
ಅಕ್ಷರ ಮಾತ್ರ ದುಂಡಗೆ ಬಂತು.

ಸಂಜೆ ಮೂಲೆ ಅಂಗಡಿಯಲ್ಲಿ ಒಂದು ಪೊಟ್ಟಣ ಬಳಪ ಕೇಳಿದೆ.
"ಮೊಮ್ಮಗು ಶಾಲಿಗೆ ಹೊಂಟತೇನಕ್ಕ?"
ಇನ್ನೂ ಇಲ್ಲ, ಎಂದೆ.